ಉಗ್ರಾಣಿಯ ಆಯ್ಕೆ

ಹಿಂದಿನ ಕಾಲದ ದೊಡ್ಡ ಮನೆತನಗಳಲ್ಲಿಯೂ ಮಠಗಳಲ್ಲಿಯೂ ಉಗ್ರಾಣಿ ಎಂಬುವನೊಬ್ಬನಿರುತ್ತಿದ್ದನು. ಅಡಿಗೆ ಮಾಡುವವರು ಬೇರೆ, ಬಡಿಸುವವರು ಬೇರೆ, ಊಟಕ್ಕೆ ಕುಳಿತವರು ಬೇರೆ. ಇವರಾರ ಕಣ್ಣಿಗೂ ಬೀಳದೆ, ಗಾಳಿ ಬೆಳಕು ಕಡಮೆಯಾದ ಕೋಣೆಯೊಂದರಲ್ಲಿ ಅಕ್ಕಿ ಯಾವ ಗುಡಾಣದಲ್ಲಿದೆ, ಬೆಲ್ಲ ಯಾವ ಹರವಿಯಲ್ಲಿದೆ, ಹೋದ ಸುಗ್ಗಿಯ ತೊಗರಿ ಇನ್ನೆಷ್ಟು ಉಳಿದಿದೆ ಎಂಬುದನ್ನೆಲ್ಲ ಬಲ್ಲವನು ಅವನೊಬ್ಬನೇ. ಪಂಕ್ತಿಯಲ್ಲಿ ಕುಳಿತವನಿಗೆ ಅವನ ನೆನಪಾಗುತ್ತಿದ್ದುದು ತುಪ್ಪ ಬರುವುದು ತಡವಾದಾಗ ಮಾತ್ರ.

ಕಂಪ್ಯೂಟರಿನ ದತ್ತಭಂಡಾರಕ್ಕೂ ಇಂಥ ಉಗ್ರಾಣಿಯೊಬ್ಬನುಂಟು. ಅವನನ್ನು ಆ ಕಸಬಿನವರು ಸ್ಟೋರೇಜ್ ಎಂಜಿನ್ ಎಂದು ಕರೆಯುತ್ತಾರೆ. ನಾವು ಕೇಳಿದ ಪ್ರಶ್ನೆಯನ್ನು ಅರ್ಥ ಮಾಡಿಕೊಳ್ಳುವ ಭಾಗ ಒಂದು. ಅದಕ್ಕೆ ಬೇಕಾದ ಸಾಲುಗಳನ್ನು ಡಿಸ್ಕಿನ ಮೇಲಿಂದ ಎತ್ತಿ ತಂದುಕೊಡುವ, ಹೊಸದಾಗಿ ಬಂದುದನ್ನು ತಕ್ಕ ಸ್ಥಳದಲ್ಲಿರಿಸುವ ಭಾಗ ಇನ್ನೊಂದು. ಈ ಎರಡನೆಯದೇ ಉಗ್ರಾಣಿ. ಸಾಮಾನ್ಯವಾಗಿ ದತ್ತಭಂಡಾರವನ್ನು ತಂದವನಿಗೆ ಅದರೊಡನೆ ಬಂದ ಉಗ್ರಾಣಿಯೇ ಗತಿ. ಆದರೆ ಮೈಎಸ್‌ಕ್ಯೂಎಲ್ ಎಂಬ ದತ್ತಭಂಡಾರದಲ್ಲಿ ಮಾತ್ರ ಹಲವರೊಳಗೆ ಒಬ್ಬನನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನು ಮೊದಲಿನಿಂದಲೇ ಧಾರಾಳವಾಗಿ ಕೊಟ್ಟಿದ್ದರು. 2006ರಲ್ಲಿ ಆ ಸ್ವಾತಂತ್ರ್ಯವನ್ನು ನಾನೂ ಉಪಯೋಗಿಸಿದೆ. ಅದರ ಫಲವೇನಾಯಿತೆಂಬುದನ್ನು ಹೇಳುವುದಕ್ಕೆ ಆ ಉಗ್ರಾಣಿಗಳ ವಂಶಾವಳಿಯನ್ನೂ ಸ್ವಲ್ಪ ಹೇಳಬೇಕಾಗುತ್ತದೆ. ವಾಚಕರು ಸೈರಿಸಿಕೊಳ್ಳಬೇಕು.

ಆಗ ನಾನು ಬೆಂಗಳೂರಿನ ಒಂದು ಸಣ್ಣ ಸಂಸ್ಥೆಯಲ್ಲಿದ್ದೆ. ನಿವೃತ್ತರಾದ ಒಬ್ಬ ಕನ್ನಡ ಮೇಷ್ಟ್ರು ಜೀವಮಾನವೆಲ್ಲ ಹಳ್ಳಿ ಹಳ್ಳಿ ತಿರುಗಿ ಕೂಡಿಹಾಕಿದ್ದ ಆಡುಮಾತಿನ ಪದಗಳನ್ನು ಅಂತರಜಾಲದಲ್ಲಿ ಯಾರು ಬೇಕಾದರೂ ನೋಡುವಂತೆ ಮಾಡುವುದು ನಮ್ಮ ಕೆಲಸ. ನೇಗಿಲಿನ ಭಾಗಗಳು, ಮಗ್ಗದ ಮಾತುಗಳು, ಅಡಿಗೆಮನೆಯ ಪಾತ್ರೆಗಳು, ದನಕರುಗಳ ರೋಗಗಳು ಹೀಗೆ ನಲವತ್ತು ಸಾವಿರಕ್ಕೆ ಮೀರಿದ ಪದಗಳು. ಮೇಷ್ಟ್ರು ದಿನವೂ ಹತ್ತು ಗಂಟೆಗೆ ಬಂದು, ರಟ್ಟಿನ ಹೊದಿಕೆಯ ನೋಟುಬುಕ್ಕನ್ನು ಮೇಜಿನ ಮೇಲಿಟ್ಟು, ಕನ್ನಡಕ ಒರೆಸಿಕೊಂಡು, ಒಂದೊಂದೇ ಪದವನ್ನು ಹೇಳುವರು. ನಾನು ಬೆರಳಚ್ಚು ಮಾಡುವೆ. ಬರೆಯುವವರು ನಾವಿಬ್ಬರೇ. ಓದುವವರೋ, ದಿನಕ್ಕೆ ಸಾವಿರಾರು ಮಂದಿ. ಓದು ಹೆಚ್ಚು, ಬರಹ ಕಡಮೆ. ಇದಕ್ಕೆ ಯಾವ ಉಗ್ರಾಣಿ?

ಆ ಕಾಲದಲ್ಲಿ ಈ ಪ್ರಶ್ನೆಗೆ ಎಲ್ಲರ ಬಾಯಲ್ಲೂ ಒಂದೇ ಉತ್ತರ: ಮೈಐಸ್ಯಾಮ್. ಓದಿಗೆ ಮೈಐಸ್ಯಾಮ್, ಬರಹಕ್ಕೆ ಇನ್ನೋಡಿಬಿ. ಗಾದೆಯಂತೆ ಇದು ಪ್ರಚಾರದಲ್ಲಿತ್ತು. ಗಾದೆ ವೇದಕ್ಕೆ ಸಮಾನವೆಂದು ನಂಬಿ ಬೆಳೆದ ನಾನು ಹೆಚ್ಚು ವಿಚಾರ ಮಾಡಲಿಲ್ಲ.

ಗಾದೆ ಹುಟ್ಟಿದ್ದಕ್ಕೆ ಕಾರಣವಿಲ್ಲದಿರಲಿಲ್ಲ. ಅದನ್ನು ತಿಳಿಯಲು ಐವತ್ತು ವರ್ಷ ಹಿಂದಕ್ಕೆ ಹೋಗಬೇಕು. 1956ರಲ್ಲಿ ಐಬಿಎಂ ಕಂಪನಿಯವರು ಅಮೆರಿಕದ ಸ್ಯಾನ್ ಹೊಸೆ ಊರಿನಲ್ಲಿ ತಯಾರಾದ ರಾಮಾಕ್ ಎಂಬ ಯಂತ್ರವನ್ನು ಹೊರತಂದರು. ಅದರ ಡಿಸ್ಕಿನ ಭಾಗದಲ್ಲಿ ಎರಡಡಿ ಅಗಲದ 50 ತಟ್ಟೆಗಳು ಒಂದರ ಮೇಲೊಂದು ತಿರುಗುತ್ತಿದ್ದವು. ಇಡೀ ಪೆಟ್ಟಿಗೆಯ ತೂಕ ಒಂದು ಟನ್ನಿಗೆ ಕಡಮೆಯಿಲ್ಲ. ಅದರಲ್ಲಿ ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರಗಳು. ಇಂದಿನ ಫೋನಿನ ಒಂದು ಫೋಟೋಕ್ಕೂ ಸಾಲದಷ್ಟು. ಆದರೂ ಅದೊಂದು ಯುಗಾರಂಭ. ಅದಕ್ಕೆ ಮೊದಲು ಲೆಕ್ಕಪತ್ರಗಳು ಸುರುಳಿ ಟೇಪುಗಳಲ್ಲೋ ತೂತು ಹೊಡೆದ ಕಾರ್ಡುಗಳಲ್ಲೋ ಇರುತ್ತಿದ್ದವು. ಟೇಪಿನ ನಡುವೆ ಇರುವುದು ಬೇಕಾದರೆ ಮೊದಲಿನಿಂದ ಸುತ್ತುತ್ತಲೇ ಹೋಗಬೇಕು. ಡಿಸ್ಕಿನಲ್ಲಿ ಹಾಗಲ್ಲ, ಬೇಕಾದ ಕಡೆಗೆ ನೇರವಾಗಿ ಕೈ ಹಾಕಬಹುದು. ಆದರೆ ಎಲ್ಲಿ ಕೈ ಹಾಕಬೇಕೆಂದು ಮೊದಲು ತಿಳಿದಿರಬೇಕಲ್ಲ! ಆಗ ಬಂತು ಸೂಚಿ. ಐಬಿಎಂನವರೇ 1960ರ ದಶಕದಲ್ಲಿ ಐಸ್ಯಾಮ್ ಎಂಬ ಕ್ರಮವನ್ನು ರೂಢಿಗೆ ತಂದರು: ಸಾಲುಗಳನ್ನು ಅಕಾರಾದಿಯಾಗಿ ಜೋಡಿಸಿಡುವುದು, ಮೇಲೊಂದು ಸೂಚಿ ಇಡುವುದು. ಓದಿಗೆ ಬಹಳ ಅನುಕೂಲ. ಹೊಸ ಸಾಲು ನಡುವೆ ಸೇರಬೇಕಾದಾಗ ಮಾತ್ರ ತೊಡಕು. ಜಾಗ ಇಲ್ಲದಿದ್ದರೆ ಅದನ್ನು ಹೊರಗಿನ ಚಾವಡಿಯಲ್ಲಿ ಮಲಗಿಸಬೇಕು. ಮದುವೆ ಮನೆಯಂತೆ ಚಾವಡಿ ತುಂಬುತ್ತ ಬಂದ ಹಾಗೆಲ್ಲ ಹುಡುಕಾಟ ನಿಧಾನವಾಗುವುದು. ಆಗ ಎಲ್ಲವನ್ನೂ ತೆಗೆದು ಹೊಸದಾಗಿ ಜೋಡಿಸಬೇಕು.

ಈ ತೊಡಕನ್ನು ಬಿಡಿಸಿದವರು ಬೋಯಿಂಗ್ ವಿಮಾನ ಕಂಪನಿಯ ಸಂಶೋಧನಾಲಯದಲ್ಲಿದ್ದ ಇಬ್ಬರು. ಜರ್ಮನಿಯ ರುಡಾಲ್ಫ್ ಬೇಯರ್ ಒಬ್ಬರು, ಎಡ್ವರ್ಡ್ ಮೆಕ್ರೈಟ್ ಇನ್ನೊಬ್ಬರು. 1970ರಲ್ಲಿ ಅವರು ವರದಿಯಾಗಿ ಬರೆದು 1972ರಲ್ಲಿ ಪತ್ರಿಕೆಯಲ್ಲಿ ಪ್ರಕಟಿಸಿದ ಉಪಾಯಕ್ಕೆ ಬಿ-ಟ್ರೀ ಎಂದು ಹೆಸರು. ಮರವೇನೋ ಸರಿ, ‘ಬಿ’ ಎಂದರೇನೆಂಬುದನ್ನು ಅವರು ಕೊನೆಗೂ ಬಿಡಿಸಿ ಹೇಳಲಿಲ್ಲ. ಬೋಯಿಂಗೋ, ಬೇಯರೋ, ಬ್ಯಾಲೆನ್ಸೋ, ಬಲ್ಲವರು ಊಹಿಸಿಕೊಳ್ಳಲಿ ಎಂದು ಬಿಟ್ಟರು. ಮರದ ಗುಣ ಇಷ್ಟು: ಒಂದೊಂದು ಗೆಣ್ಣಿನಲ್ಲಿ ನೂರಾರು ಕವಲು. ಒಂದಕ್ಕೆ 200 ಕವಲೆಂದು ಹಿಡಿದರೆ ಮೂರು ಗೆಣ್ಣು ಇಳಿಯುವುದರೊಳಗೆ 80 ಲಕ್ಷ ಸಾಲುಗಳಲ್ಲಿ ಬೇಕಾದ ಒಂದನ್ನು ಮುಟ್ಟಬಹುದು. ಹೊಸದು ಬಂದು ಗೆಣ್ಣು ತುಂಬಿದರೆ ಅದು ತಾನಾಗಿ ಎರಡಾಗಿ ಸೀಳುತ್ತದೆ. ಮರ ಎಂದೂ ಒಂದು ಕಡೆಗೆ ವಾಲುವುದಿಲ್ಲ. ಚಾವಡಿಯಲ್ಲಿ ಯಾರನ್ನೂ ಮಲಗಿಸಬೇಕಾಗಿಲ್ಲ. ಐವತ್ತು ವರ್ಷಗಳಾಗಿ ಹೋದವು. ಇಂದಿಗೂ ಹೆಚ್ಚಿನ ದತ್ತಭಂಡಾರಗಳು ನಿಂತಿರುವುದು ಈ ಮರದ ಮೇಲೆಯೇ. ನನ್ನನ್ನು ಕೇಳಿದರೆ, ಅದೇ ಕಂಪನಿಯ ದೈತ್ಯ ವಿಮಾನಗಳಿಗಿಂತ ಈ ಮರ ಹೊತ್ತಿರುವ ಜನವೇ ಹೆಚ್ಚು.

ಈಗ ಮೈಎಸ್‌ಕ್ಯೂಎಲ್‌ಗೆ ಬರೋಣ. ಫಿನ್ಲೆಂಡಿನ ಮೈಕೆಲ್ ವಿಡೇನಿಯಸ್ ಎಂಬಾತ, ಗೆಳೆಯರು ‘ಮಾಂಟಿ’ ಎಂದು ಕರೆಯುವವರು, ಸ್ವೀಡನ್ನಿನ ಒಂದು ಸಣ್ಣ ಕಂಪನಿಗಾಗಿ ಕೆಲಸ ಮಾಡುತ್ತ, ಐಸ್ಯಾಮ್ ಮಾದರಿಯಲ್ಲಿ ವೇಗವಾಗಿ ಸಾಲುಗಳನ್ನು ಎತ್ತಿಕೊಡುವ ಉಗ್ರಾಣಿಯೊಬ್ಬನನ್ನು ಮೊದಲೇ ತಯಾರಿಸಿಕೊಂಡಿದ್ದರು. ಅದಕ್ಕೆ ಎಂಎಸ್‌ಕ್ಯೂಎಲ್ ಎಂಬ ಬೇರೊಂದು ದತ್ತಭಂಡಾರದ ಮುಂಭಾಗವನ್ನು ಜೋಡಿಸಲು ನೋಡಿದರು. ಅದರ ವೇಗ ಸಾಲದೆಂದು ಕಂಡು ತಾವೇ ಮುಂಭಾಗವನ್ನೂ ಬರೆದರು. 1995ರಲ್ಲಿ ಹೀಗೆ ಹುಟ್ಟಿದ್ದು ಮೈಎಸ್‌ಕ್ಯೂಎಲ್. ‘ಮೈ’ ಎಂಬುದು ಇಂಗ್ಲಿಷಿನ ‘ನನ್ನದು’ ಎಂದು ಎಷ್ಟೋ ಜನ ತಿಳಿದಿದ್ದಾರೆ. ನಾನೂ ಹಾಗೆಯೇ ತಿಳಿದಿದ್ದೆ. ಅದು ಅವರ ಮಗಳ ಹೆಸರು. ಆಮೇಲೆ ಅವರು ತಂದ ಮರಿಯಾಡಿಬಿಗೆ ಕಿರಿಯ ಮಗಳ ಹೆಸರು. ಮಕ್ಕಳ ಹೆಸರನ್ನು ಮನೆಗೆ, ಅಂಗಡಿಗೆ, ಲಾರಿಗೆ ಇಡುವ ನಮ್ಮವರಿಗೆ ಇದು ವಿಚಿತ್ರವೆನಿಸಲಾರದು.

ವಾಚಕರು ಗಮನಿಸಬೇಕಾದದ್ದು ಇದು: ಇಲ್ಲಿ ಉಗ್ರಾಣಿ ಮೊದಲು ಬಂದವನು, ಮನೆ ಆಮೇಲೆ ಕಟ್ಟಿದ್ದು. ಆದ್ದರಿಂದಲೇ ಈ ಮನೆಯಲ್ಲಿ ಉಗ್ರಾಣಿಯನ್ನು ಬದಲಾಯಿಸುವುದಕ್ಕೆ ಬಾಗಿಲೊಂದು ಉಳಿಯಿತು. 2001ರಲ್ಲಿ ಸಿದ್ಧವಾದ 3.23ನೆಯ ಆವೃತ್ತಿಯಲ್ಲಿ ಹಳೆಯ ಐಸ್ಯಾಮಿನ ಸ್ಥಾನಕ್ಕೆ ಅವನ ಮಗ ಮೈಐಸ್ಯಾಮ್ ಬಂದ. ಹಗುರವಾದ ಆಳು. ಒಂದು ಕೋಷ್ಟಕಕ್ಕೆ ಮೂರು ಕಡತ: ರೂಪುರೇಷೆಗೆ ಒಂದು, ಸಾಲುಗಳಿಗೆ ಒಂದು, ಸೂಚಿಗೆ ಒಂದು. ಸಾಲುಗಳು ಬಂದ ಬಂದ ಹಾಗೆ ಕಡತದಲ್ಲಿ ಕೂರುತ್ತವೆ. ಬಿ-ಟ್ರೀ ಸೂಚಿ ‘ಇಂಥದು ಇಂಥಲ್ಲಿದೆ’ ಎಂದು ಬೆರಳು ತೋರಿಸುತ್ತದೆ. ಕೋಷ್ಟಕದಲ್ಲಿ ಒಟ್ಟು ಎಷ್ಟು ಸಾಲುಗಳಿವೆಯೆಂದು ಕೇಳಿದರೆ ಎಣಿಸದೆಯೇ ಥಟ್ಟನೆ ಹೇಳುತ್ತಾನೆ, ಏಕೆಂದರೆ ಲೆಕ್ಕವನ್ನು ತಲೆಬರಹದಲ್ಲೇ ಬರೆದಿಟ್ಟುಕೊಂಡಿರುತ್ತಾನೆ. ವಿವರಣೆಯ ಒಳಗಿನ ಮಾತುಗಳನ್ನು ಹುಡುಕುವ ವಿದ್ಯೆಯೂ ಆ ಮನೆಯಲ್ಲಿ ಆಗ ಅವನೊಬ್ಬನಿಗೇ ಗೊತ್ತಿತ್ತು. ಮೆಮೊರಿ ಹೆಚ್ಚು ಬೇಡುವುದಿಲ್ಲ, ಡಿಸ್ಕಿನಲ್ಲಿ ಹೆಚ್ಚು ಜಾಗ ತಿನ್ನುವುದಿಲ್ಲ. ನಮ್ಮ ಸಂಸ್ಥೆಯ ಯಂತ್ರದಲ್ಲಿದ್ದುದು 512 ಮೆಗಾಬೈಟು ಮೆಮೊರಿ. ಪದಕೋಶಕ್ಕೆ ಇಂಥವನಿಗಿಂತ ಯೋಗ್ಯ ಯಾರು?

ಇನ್ನೊಬ್ಬ ಉಗ್ರಾಣಿ ಇನ್ನೋಡಿಬಿ, ಹೆಲ್ಸಿಂಕಿಯ ಹೈಕಿ ಟೂರಿ ಎಂಬವರು ಕಟ್ಟಿದ್ದು. ಅದೇ 2001ರಲ್ಲಿ ಅವನು ಮೈಎಸ್‌ಕ್ಯೂಎಲ್ ಮನೆ ಸೇರಿದ. ಇವನ ನಡೆ ಬೇರೆ. ಇವನು ಸೂಚಿ ಬೇರೆ, ಸಾಲು ಬೇರೆ ಎಂದು ಇಡುವುದಿಲ್ಲ. ಮುಖ್ಯ ಸೂಚಿಯ ಮರದ ಎಲೆಗಳಲ್ಲಿಯೇ ಸಾಲುಗಳನ್ನು ಕೂರಿಸುತ್ತಾನೆ. ಅಕ್ಕಪಕ್ಕದ ಸಾಲುಗಳನ್ನು ಒಟ್ಟಿಗೆ ಓದಬೇಕಾದರೆ ಇದರಿಂದ ಬಹಳ ಲಾಭ. ಸಾಲುಗಳನ್ನೂ ಸೂಚಿಯನ್ನೂ ತನ್ನದೇ ಮೆಮೊರಿಯ ಕೊಳದಲ್ಲಿ ತುಂಬಿಟ್ಟುಕೊಳ್ಳುತ್ತಾನೆ. ಆದರೆ ಹೊಟ್ಟೆಬಾಕ. ಅದೇ ಪದಗಳನ್ನು ಇಡಲು ಇವನಿಗೆ ಬೇಕಾದ ಜಾಗ ನಮ್ಮಲ್ಲಿ ಎರಡು ಪಟ್ಟಿಗೆ ಹತ್ತಿರವಾಯಿತು. ಒಟ್ಟು ಎಷ್ಟು ಸಾಲು ಎಂದು ಕೇಳಿದರೆ ಮೊದಲಿನಿಂದ ಎಣಿಸುತ್ತ ಕೂರುತ್ತಾನೆ. ಎಲ್ಲಕ್ಕಿಂತ ಹೆಚ್ಚಾಗಿ ಇವನಿಗೆ ಲೆಕ್ಕ ಬರೆಯುವ ಚಾಳಿ. ಒಂದು ಸಾಲನ್ನು ತಿದ್ದುವ ಮುನ್ನ ತಿದ್ದುತ್ತೇನೆಂದು ಬೇರೊಂದು ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಓದುವ ಭಂಡಾರಕ್ಕೆ ಈ ಗೊಡವೆ ಏಕೆಂದು ನಾನು ಮೈಐಸ್ಯಾಮನ್ನೇ ನೇಮಿಸಿದೆ.

ಮೊದಲ ಕೆಲವು ತಿಂಗಳು ಸುಖವಾಗಿಯೇ ಕಳೆದವು. ಮೇಷ್ಟ್ರಿಗೆ ಪರಮ ಸಂತೋಷ. ಒಂದು ದಿನ ಅವರು, “ಏನಯ್ಯಾ, ನಮ್ಮ ಪದಗಳಲ್ಲಿ ಜನ ಯಾವುದನ್ನು ಹೆಚ್ಚಾಗಿ ನೋಡುತ್ತಾರೆ ಅಂತ ತಿಳಿಯೋಕೆ ಆಗುತ್ತೇನು?” ಎಂದು ಕೇಳಿದರು.

“ಅದಕ್ಕೇನು ಸಾರ್, ಅರ್ಧ ಗಂಟೆ ಕೆಲಸ,” ಎಂದೆ.

ಅರ್ಧ ಗಂಟೆಯೂ ಹಿಡಿಯಲಿಲ್ಲ. ಪ್ರತಿ ಪದದ ಸಾಲಿನಲ್ಲಿ ಒಂದು ಅಂಕಿಯ ಸ್ಥಳ ಮಾಡಿ, ಯಾರಾದರೂ ಆ ಪದವನ್ನು ನೋಡಿದಾಗಲೆಲ್ಲ ಅದಕ್ಕೆ ಒಂದನ್ನು ಕೂಡಿಸುವಂತೆ ಬರೆದೆ. ಮರುವಾರದಿಂದ ದೂರು ಬರತೊಡಗಿತು. ಪುಟ ತೆರೆಯುವುದಿಲ್ಲ, ತೆರೆದರೂ ನಿಮಿಷಗಟ್ಟಲೆ ಕಾಯಬೇಕು. ಯಂತ್ರ ನೋಡಿದರೆ ಸುಮ್ಮನೆ ಕುಳಿತಿದೆ. ಕೆಲಸ ಮಾಡಿ ದಣಿದದ್ದಲ್ಲ. ನೂರಾರು ಪ್ರಶ್ನೆಗಳು ಸಾಲಾಗಿ ನಿಂತು ಯಾವುದಕ್ಕೋ ಕಾಯುತ್ತಿವೆ.

ತಾಲ್ಲೂಕು ಕಚೇರಿಯ ರೆಕಾರ್ಡು ರೂಮನ್ನು ಬಲ್ಲವರಿಗೆ ಇದನ್ನು ವಿವರಿಸುವುದು ಸುಲಭ. ಆ ಕೋಣೆಗೆ ಒಂದೇ ಬೀಗ. ಒಳಗೆ ಹೋಗಿ ಕಡತಗಳನ್ನು ಓದುವವರು ಎಷ್ಟು ಮಂದಿಯಾದರೂ ಒಟ್ಟಿಗೆ ಓದಬಹುದು. ಆದರೆ ಒಂದು ಕಡತದಲ್ಲಿ ಒಂದಕ್ಷರ ತಿದ್ದಬೇಕೆಂದರೂ ಎಲ್ಲರೂ ಹೊರಗೆ ಬರಬೇಕು, ಗುಮಾಸ್ತ ಒಬ್ಬನೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡು ತಿದ್ದಬೇಕು. ಮೈಐಸ್ಯಾಮಿನ ಕ್ರಮ ಇದೇ: ಬೀಗ ಇಡೀ ಕೋಷ್ಟಕಕ್ಕೆ. ಕಡತದ ತುದಿಗೆ ಹೊಸ ಸಾಲನ್ನು ಸೇರಿಸುವಾಗ ಮಾತ್ರ, ನಡುವೆ ತೂತುಗಳಿಲ್ಲದಿದ್ದರೆ, ಓದುವವರನ್ನು ಎಬ್ಬಿಸದೆ ಬಿಡುತ್ತಾನೆ. ಇದ್ದ ಸಾಲನ್ನು ತಿದ್ದುವುದಾದರೆ ಆ ರಿಯಾಯಿತಿ ಇಲ್ಲ. ಸಾಲದುದಕ್ಕೆ, ಕಾಯುವವರಲ್ಲಿ ತಿದ್ದುವವನಿಗೆ ಓದುವವರಿಗಿಂತ ಮೊದಲ ಮಣೆ. ಯಾರೋ ಒಬ್ಬರು ದೊಡ್ಡ ಹುಡುಕಾಟದಲ್ಲಿ ತೊಡಗಿ ಒಳಗೆ ಹತ್ತು ಸೆಕೆಂಡು ಕುಳಿತರೆನ್ನಿ. ಅಂಕಿ ಕೂಡಿಸುವ ಗುಮಾಸ್ತ ಬಾಗಿಲಲ್ಲಿ ಕಾಯುತ್ತಾನೆ. ಅವನ ಹಿಂದೆ ಬಂದ ಓದುಗರೆಲ್ಲ, ಒಳಗೆ ಜಾಗವಿದ್ದರೂ, ಅವನ ಬೆನ್ನ ಹಿಂದೆ ನಿಲ್ಲಬೇಕು. ನಮ್ಮಲ್ಲಿ ಆದದ್ದು ಅದೇ. ಓದುವವರೇ ಹೆಚ್ಚು ಎಂದು ನಾನು ಹಿಗ್ಗಿಕೊಂಡು ನೇಮಿಸಿದ ಉಗ್ರಾಣಿಗೆ, ನನ್ನ ಒಂದು ಸಾಲಿನ ಜಾಣತನದಿಂದ, ಪ್ರತಿಯೊಬ್ಬ ಓದುಗನೂ ಬರೆಯುವವನಾಗಿಬಿಟ್ಟಿದ್ದ.

ಅಂಕಿಗಳನ್ನು ಬೇರೊಂದು ಸಣ್ಣ ಕೋಷ್ಟಕಕ್ಕೆ ವರ್ಗಾಯಿಸಿ ಆ ಪೇಚಿನಿಂದ ಪಾರಾದೆ. ಗಾದೆಯ ಮೇಲಿನ ನಂಬಿಕೆಗೆ ಮಾತ್ರ ಅಲ್ಲಿಯೇ ಬಿರುಕು ಬಿತ್ತು.

ಓದುವವನಿಗೂ ತಿದ್ದುವವನಿಗೂ ಜಗಳವಾಗದಂತೆ ಮಾಡುವ ಉಪಾಯ ಹೊಸದೇನಲ್ಲ. 1978ರಲ್ಲಿಯೇ ಅಮೆರಿಕದ ಎಂಐಟಿಯಲ್ಲಿ ಡೇವಿಡ್ ರೀಡ್ ಎಂಬವರು ತಮ್ಮ ಪ್ರಬಂಧದಲ್ಲಿ ಅದನ್ನು ಚರ್ಚಿಸಿದ್ದರು. 1980ರ ದಶಕದಲ್ಲಿ ಜಿಮ್ ಸ್ಟಾರ್ಕಿ ಎಂಬವರು ಅದನ್ನು ನಡೆಯುವ ದತ್ತಭಂಡಾರಗಳಲ್ಲಿ ಕಾರ್ಯಕ್ಕೆ ತಂದರು. ತಿದ್ದುವಾಗ ಹಳೆಯದನ್ನು ಒಡನೆಯೇ ಅಳಿಸಬೇಡ, ಒಂದು ಪಕ್ಕಕ್ಕಿಡು. ಮೊದಲೇ ಓದಲು ಕುಳಿತವನಿಗೆ ಹಳೆಯ ಪಾಠ ಕಾಣಲಿ, ಆಮೇಲೆ ಬಂದವನಿಗೆ ಹೊಸದು ಕಾಣಲಿ. ಎಲ್ಲರೂ ಓದಿ ಎದ್ದ ಮೇಲೆ ಹಳೆಯದನ್ನು ಗುಡಿಸು. ಇದಿಷ್ಟೇ ಅದರ ತಿರುಳು. ಇನ್ನೋಡಿಬಿ ಮಾಡುವುದು ಇದನ್ನೇ. ಬೀಗ ಹಾಕಬೇಕಾದಾಗಲೂ ಕೋಣೆಗೆ ಹಾಕುವುದಿಲ್ಲ, ತಿದ್ದುವ ಆ ಒಂದು ಸಾಲಿಗೆ ಹಾಕುತ್ತಾನೆ. ಸ್ಲ್ಯಾಶ್‌ಡಾಟ್ ಎಂಬ ಸುದ್ದಿಯ ತಾಣ ಮೊದಲ ವರ್ಷಗಳಲ್ಲಿಯೇ ಇನ್ನೋಡಿಬಿಯನ್ನು ಆರಿಸಿಕೊಂಡಿತ್ತು. ಅದು ಓದುಗರ ನೂಕುನುಗ್ಗಲಿಗೇ ಹೆಸರಾದ ಜಾಗ. ಅದನ್ನು ನೋಡಿಯಾದರೂ ನಾನು ಎಚ್ಚರಗೊಳ್ಳಬಹುದಾಗಿತ್ತು. ಎಚ್ಚರಗೊಳ್ಳಲಿಲ್ಲ. ಕೆಲಸ ನಡೆಯುತ್ತಿದೆಯಲ್ಲ ಎಂದು ಸುಮ್ಮನಾದೆ.

2007ರ ಮೇ ತಿಂಗಳು. ಸಂಜೆ ನಾಲ್ಕೂವರೆಗೆ ಆಕಾಶ ಕಪ್ಪಾಗಿ, ಗಾಳಿ ಎದ್ದು, ಆನೆಕಲ್ಲು ಮಳೆ ಸುರಿಯಿತು. ಬೆಂಗಳೂರಿನವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ, ಕರೆಂಟು ಹೋಯಿತು. ಬ್ಯಾಟರಿ ಹಳೆಯದಾಗಿತ್ತು, ನಿಮಿಷದಲ್ಲಿ ಅದೂ ಕೈಬಿಟ್ಟಿತು. ಮೇಷ್ಟ್ರು ಆಗ ಒಂದು ಪದವನ್ನು ಹೇಳಿ ಅರ್ಥ ಹೇಳುವುದರಲ್ಲಿದ್ದರು. “ಹೋಗಲಿ ಬಿಡು, ನಾಳೆ ಹೇಳಿದರಾಯಿತು,” ಎಂದು ಛತ್ರಿ ತೆಗೆದುಕೊಂಡು ಹೊರಟರು.

ಮಾರನೆಯ ಬೆಳಿಗ್ಗೆ ಯಂತ್ರ ಎದ್ದಿತು, ಕೋಷ್ಟಕ ಏಳಲಿಲ್ಲ. ಕೆಟ್ಟಿದೆ, ದುರಸ್ತಿ ಮಾಡಬೇಕು ಎಂಬ ಸೂಚನೆ ಬಂತು. ಮೈಐಸ್ಯಾಮಿಗೆ ಅದಕ್ಕೆಂದೇ ಒಂದು ಪ್ರತ್ಯೇಕ ಹತಾರ ಉಂಟು. ಅದನ್ನು ನಡೆಸಿದೆ. ಸೂಚಿ ಹೊಸದಾಗಿ ಕಟ್ಟಿತು. ಕೊನೆಯಲ್ಲಿ ಒಂದೇ ಸಾಲಿನ ವರದಿ: ಸಾಲುಗಳ ಸಂಖ್ಯೆ 41,386ರಿಂದ 41,197ಕ್ಕೆ ಬದಲಾಗಿದೆ.

ಮೇಷ್ಟ್ರು ಬಂದಾಗ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. “ನೂರ ಎಂಬತ್ತೊಂಬತ್ತು ಪದ ಹೋಗಿವೆ ಸಾರ್.”

ಅವರು ಕೋಪಿಸಿಕೊಳ್ಳಲಿಲ್ಲ. ಕುರ್ಚಿಯಲ್ಲಿ ಕುಳಿತು, ಸ್ವಲ್ಪ ಹೊತ್ತು ಬಿಟ್ಟು ಕೇಳಿದರು: “ಯಾವ ನೂರ ಎಂಬತ್ತೊಂಬತ್ತು?”

ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಮೈಐಸ್ಯಾಮಿನಲ್ಲಿಯೂ ಇರಲಿಲ್ಲ. ಹೋದದ್ದು ಎಷ್ಟು ಎಂದು ಹೇಳಬಲ್ಲ, ಯಾವುದು ಎಂದು ಹೇಳಲಾರ. ಪ್ರತಿ ಭಾನುವಾರ ಭಂಡಾರದ ಪ್ರತಿ ತೆಗೆದಿಡುವ ಏರ್ಪಾಡನ್ನು ನಾನೇ ಮಾಡಿದ್ದೆ. ತೆಗೆದು ನೋಡಿದರೆ, ಡಿಸ್ಕು ತುಂಬಿ ಅದು ನಿಂತು ಮೂರು ತಿಂಗಳಾಗಿತ್ತು. ಅದನ್ನು ಒಮ್ಮೆಯೂ ನಾನು ನೋಡಿರಲಿಲ್ಲ.

ಇಲ್ಲಿ ಹಳೆಯ ಅಂಗಡಿಗಳ ಲೆಕ್ಕದ ಪದ್ಧತಿಯನ್ನು ನೆನೆಯಬೇಕು. ನಮ್ಮ ವರ್ತಕರು ಎರಡು ಪುಸ್ತಕಗಳನ್ನಿಡುತ್ತಿದ್ದರು: ಖಿರ್ದಿ ಒಂದು, ಖಾತೆ ಒಂದು. ವ್ಯವಹಾರ ನಡೆದ ಕೂಡಲೆ, ನಡೆದ ಕ್ರಮದಲ್ಲಿಯೇ, ಖಿರ್ದಿಯಲ್ಲಿ ಬರೆಯಬೇಕು. ಆಮೇಲೆ ಬಿಡುವಾದಾಗ ಅವರವರ ಹೆಸರಿನ ಖಾತೆಗೆ ಏರಿಸಬೇಕು. ಖಿರ್ದಿಯಲ್ಲಿಲ್ಲದ್ದನ್ನು ಖಾತೆಗೆ ಹಾಕುವಂತಿಲ್ಲ. ಖಾತೆಯ ಪುಸ್ತಕವನ್ನು ಇಲಿ ಕಡಿದರೂ ಖಿರ್ದಿಯಿಂದ ಅದನ್ನು ಮತ್ತೆ ಕಟ್ಟಬಹುದು. ಇನ್ನೋಡಿಬಿಯ ಆ ಲೆಕ್ಕ ಬರೆಯುವ ಚಾಳಿ ಎಂದು ಹಿಂದೆ ನಾನು ಹಗುರವಾಗಿ ಆಡಿದೆನಲ್ಲ, ಅದು ಈ ಖಿರ್ದಿಯೇ. ಕರೆಂಟು ಹೋಗಿ ಯಂತ್ರ ಮತ್ತೆ ಎದ್ದಾಗ ಅವನು ಮೊದಲು ಖಿರ್ದಿಯನ್ನು ತೆರೆದು, ಖಾತೆಗೆ ಏರದೆ ಉಳಿದದ್ದನ್ನು ಏರಿಸಿ, ಅರ್ಧಕ್ಕೆ ನಿಂತ ವ್ಯವಹಾರವನ್ನು ಹಿಂದಕ್ಕೆ ತೆಗೆದು, ಆಮೇಲೆ ಬಾಗಿಲು ತೆರೆಯುತ್ತಾನೆ. ಈ ವಿದ್ಯೆಯನ್ನು ಶಾಸ್ತ್ರಬದ್ಧ ಮಾಡಿದವರಲ್ಲಿ ಐಬಿಎಂನ ಜಿಮ್ ಗ್ರೇ ಪ್ರಮುಖರು. 1998ರಲ್ಲಿ ಅವರಿಗೆ ಟ್ಯೂರಿಂಗ್ ಪ್ರಶಸ್ತಿ ಬಂತು. ನಮ್ಮ ಮೇಷ್ಟ್ರ ಪದಗಳು ಹೋದ ಅದೇ 2007ರ ಜನವರಿಯಲ್ಲಿ ಅವರು ಒಬ್ಬರೇ ಹಾಯಿದೋಣಿಯಲ್ಲಿ ಶಾಂತಸಾಗರಕ್ಕೆ ಹೋದವರು ಮರಳಲಿಲ್ಲ. ಖಿರ್ದಿಯಿಂದ ಖಾತೆಯನ್ನು ಎಬ್ಬಿಸುವ ಕ್ರಮವನ್ನು ಏರೀಸ್ ಎಂಬ ಹೆಸರಿನಲ್ಲಿ 1992ರಲ್ಲಿ ವಿಸ್ತಾರವಾಗಿ ಬರೆದವರಲ್ಲಿ ಮೊದಲಿಗರು ಮದರಾಸಿನ ಐಐಟಿಯಲ್ಲಿ ಓದಿದ ಸಿ. ಮೋಹನ್. ಆ ಪ್ರಬಂಧವನ್ನು ನಾನು ಓದಿದ್ದು ಪದಗಳು ಹೋದ ಮೇಲೆ.

ಮೇಷ್ಟ್ರಿಗೂ ನನಗೂ ಮುಂದೆ ಮೂರು ವಾರ ಅದೇ ಕೆಲಸ. ಮೂರು ತಿಂಗಳ ಹಿಂದಿನ ಪ್ರತಿಯನ್ನು ಎದುರಿಗಿಟ್ಟು ಹೋಲಿಸಿದಾಗ 60 ಪದಗಳು ಸಿಕ್ಕವು. ಆಮೇಲಿನವು ಮೇಷ್ಟ್ರ ನೋಟುಬುಕ್ಕಿನಲ್ಲಿದ್ದವು. ಅವರು ತಮ್ಮ ಪದಗಳನ್ನು ದಿನಾಂಕ ಹಾಕಿ, ಊರಿನ ಹೆಸರು ಹಾಕಿ, ಒಂದೂ ಬಿಡದೆ ಬರೆದಿಟ್ಟಿದ್ದರು. ಒಂದೊಂದನ್ನೇ ಅವರು ಓದುವರು, ನಾನು ಪರದೆಯಲ್ಲಿ ಹುಡುಕುವೆ. ಇಲ್ಲ ಎಂದಾಗ ಅವರು ಕೆಂಪು ಪೆನ್ಸಿಲಿನಿಂದ ಗುರುತು ಹಾಕುವರು. ಹೀಗೆ 92 ಸಿಕ್ಕವು. ಉಳಿದ 37 ನೋಟುಬುಕ್ಕಿನಲ್ಲಿ ಇರಲಿಲ್ಲ. ಅವು ಓದುಗರು ಕಾಗದ ಬರೆದು, ಫೋನು ಮಾಡಿ ತಿಳಿಸಿದ ಪದಗಳು. ಅವನ್ನು ಬಂದ ಕೂಡಲೆ ನಾನು ನೇರವಾಗಿ ಬೆರಳಚ್ಚು ಮಾಡಿ, ಕಾಗದಗಳನ್ನು ರದ್ದಿಗೆ ಹಾಕಿದ್ದೆ.

ಆ ವರ್ಷವೇ ಭಂಡಾರವನ್ನು ಇನ್ನೋಡಿಬಿಗೆ ಒಪ್ಪಿಸಿದೆ. ಮೆಮೊರಿಯನ್ನು ಎರಡು ಗಿಗಾಬೈಟಿಗೆ ಏರಿಸಿದೆವು. ಪದಗಳೆಲ್ಲ ಅವನ ಕೊಳದಲ್ಲಿಯೇ ಹಿಡಿದವು. ಓದಿಗೆ ಡಿಸ್ಕನ್ನು ಮುಟ್ಟುವ ಪ್ರಸಂಗವೇ ಅಪರೂಪವಾಯಿತು. ಇಲ್ಲೊಂದು ಮಾತು ಹೇಳಬೇಕು. ಆಗಿನ ಡಿಸ್ಕಿನಲ್ಲಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಮುಳ್ಳು ಹೊರಳಲು ಎಂಟೊಂಬತ್ತು ಮಿಲಿಸೆಕೆಂಡು. ಮೆಮೊರಿಯಲ್ಲಾದರೆ ಒಂದು ಸೆಕೆಂಡಿನ ಕೋಟಿಯಲ್ಲೊಂದು ಪಾಲು. ಭಂಡಾರವೆಲ್ಲ ಮೆಮೊರಿಯಲ್ಲಿ ಹಿಡಿದ ಮೇಲೆ ಓದಿಗೆ ಯಾವ ಉಗ್ರಾಣಿ ಚುರುಕು ಎಂಬ ಜಗಳದಲ್ಲಿ ಹುರುಳು ಬಹಳ ಉಳಿಯುವುದಿಲ್ಲ. ಬ್ರಾಡ್ ಫಿಟ್ಜ್‌ಪ್ಯಾಟ್ರಿಕ್ ಎಂಬ ತರುಣ ಲೈವ್‌ಜರ್ನಲ್ ತಾಣಕ್ಕಾಗಿ 2003ರಲ್ಲಿ ಮೆಮ್‌ಕ್ಯಾಶ್‌ಡಿ ಎಂಬುದನ್ನು ಬರೆದದ್ದೂ ಇದನ್ನು ಅರಿತೇ. ಒಮ್ಮೆ ಓದಿದ್ದನ್ನು ಮೆಮೊರಿಯಲ್ಲಿಟ್ಟುಕೊಂಡು, ಉಗ್ರಾಣಿಯನ್ನು ಕರೆಯದೆಯೇ ಬಡಿಸುವ ಉಪಾಯವದು. ವಿವರಣೆಯ ಒಳಗೆ ಹುಡುಕುವ ವಿದ್ಯೆ ಇನ್ನೋಡಿಬಿಗೆ ಬರುವುದು ಮಾತ್ರ ತಡವಾಯಿತು, 2013ರ 5.6ನೆಯ ಆವೃತ್ತಿಯವರೆಗೆ. ಅಲ್ಲಿಯ ತನಕ ಅದೊಂದಕ್ಕೆ ಹಳೆಯ ಉಗ್ರಾಣಿಯನ್ನೇ ಹಿತ್ತಿಲಲ್ಲಿ ಇಟ್ಟುಕೊಂಡಿದ್ದೆವು.

ಅತ್ತ ದೊಡ್ಡವರ ಮನೆಯಲ್ಲಿ ಬೇರೆಯೇ ನಾಟಕ ನಡೆಯುತ್ತಿತ್ತು. ದತ್ತಭಂಡಾರ ಮಾರುವವರಲ್ಲಿ ದೊಡ್ಡ ಸಾಹುಕಾರನಾದ ಒರಾಕಲ್ ಕಂಪನಿ 2005ರ ಅಕ್ಟೋಬರಿನಲ್ಲಿ ಇನ್ನೋಡಿಬಿಯ ಕಂಪನಿಯನ್ನು ಕೊಂಡುಬಿಟ್ಟಿತು. ಮನೆ ಒಬ್ಬರದು, ಉಗ್ರಾಣಿ ಎದುರುಮನೆಯವರ ಆಳು! ಮೈಎಸ್‌ಕ್ಯೂಎಲ್‌ನವರು ಗಾಬರಿಯಾಗಿ, ಮೇಲೆ ಹೇಳಿದ ಜಿಮ್ ಸ್ಟಾರ್ಕಿಯವರನ್ನೇ ಕರೆಸಿ ಫಾಲ್ಕನ್ ಎಂಬ ಹೊಸ ಉಗ್ರಾಣಿಯನ್ನು ತಯಾರಿಸಲು ಹೊರಟರು, ಅದು ಕೈಗೂಡಲಿಲ್ಲ. 2008ರಲ್ಲಿ ಸನ್ ಕಂಪನಿ ನೂರು ಕೋಟಿ ಡಾಲರು ಕೊಟ್ಟು ಮೈಎಸ್‌ಕ್ಯೂಎಲ್ ಮನೆಯನ್ನೇ ಕೊಂಡಿತು. 2010ರ ಜನವರಿಯಲ್ಲಿ ಒರಾಕಲ್ ಸನ್ ಕಂಪನಿಯನ್ನು ಕೊಂಡಿತು. ಹೀಗೆ ಬಳಸಿ ಬಂದು ಮನೆಯೂ ಉಗ್ರಾಣಿಯೂ ಒಂದೇ ಯಜಮಾನನ ಕೈ ಸೇರಿದವು. ಮಾಂಟಿ ಅಷ್ಟರಲ್ಲಿ ಹೊರಗೆ ಹೋಗಿ ಮರಿಯಾಡಿಬಿ ಕಟ್ಟಿದ್ದರು. 2010ರ ಡಿಸೆಂಬರಿನಲ್ಲಿ ಹೊರಬಂದ 5.5ನೆಯ ಆವೃತ್ತಿಯಲ್ಲಿ, ಬೇರೆ ಹೆಸರು ಹೇಳದಿದ್ದರೆ ಇನ್ನೋಡಿಬಿಯೇ ಉಗ್ರಾಣಿ ಎಂದಾಯಿತು. 2018ರ 8.0ರಲ್ಲಿ ಮೈಎಸ್‌ಕ್ಯೂಎಲ್ ತನ್ನ ಸ್ವಂತ ಲೆಕ್ಕಪತ್ರಗಳನ್ನೂ ಮೈಐಸ್ಯಾಮಿನಿಂದ ಬಿಡಿಸಿ ಅವನಿಗೇ ಒಪ್ಪಿಸಿತು. ಮೈಐಸ್ಯಾಮನ್ನು ಹೊರಗೆ ಹಾಕಲಿಲ್ಲ, ಮೂಲೆಯಲ್ಲಿ ಕೂರಿಸಿದರು.

ಓದಿಗೆಂದೇ ಹುಟ್ಟಿದ ಉಗ್ರಾಣಿಗಳು ಇಲ್ಲವೆಂದಲ್ಲ. 2011ರಲ್ಲಿ ಹೊವರ್ಡ್ ಚೂ ಎಂಬವರು ಎಲ್‌ಎಂಡಿಬಿ ಎಂಬುದನ್ನು ಬರೆದರು. ಅದು ಓಪನ್‌ಎಲ್‌ಡಿಎಪಿ ಎಂಬ ವಿಳಾಸ ಪುಸ್ತಕದ ಸಾಫ್ಟ್‌ವೇರಿಗಾಗಿ. ವಿಳಾಸ ಪುಸ್ತಕ ಎಂದಮೇಲೆ ಬರೆಯುವುದು ಒಮ್ಮೆ, ಓದುವುದು ಸಾವಿರ ಸಲ. ಅಲ್ಲಿ ಓದುಗರಿಗೆ ಬೀಗವೇ ಇಲ್ಲ. ಬರೆಯುವವನು ಒಂದು ಹೊತ್ತಿಗೆ ಒಬ್ಬನೇ. ಅವನು ಇದ್ದ ಪುಟವನ್ನು ತಿದ್ದದೆ ಪ್ರತಿ ಮಾಡಿ ಬರೆದು, ಎಲ್ಲ ಮುಗಿದ ಮೇಲೆ ಮರದ ಬೇರನ್ನು ಹೊಸದರ ಕಡೆಗೆ ತಿರುಗಿಸುತ್ತಾನೆ. ಕರೆಂಟು ಹೋದರೆ ಹಳೆಯ ಬೇರು ಹಾಗೆಯೇ ಇರುತ್ತದೆ, ಖಿರ್ದಿಯೂ ಬೇಡ. 2006ರಲ್ಲಿ ಅದು ಇದ್ದಿದ್ದರೆ ನಾನು ಅದನ್ನೇ ಆರಿಸುತ್ತಿದ್ದೆನೋ ಏನೋ. ಆದರೆ ನಾನಿದ್ದ ಮನಸ್ಸಿನಲ್ಲಿ ಆಗಲೂ ಕೇಳುತ್ತಿದ್ದುದು ಯಾವುದು ವೇಗ ಎಂಬುದನ್ನೇ, ಕರೆಂಟು ಹೋದರೆ ಏನೆಂದಲ್ಲ. ಪುಸ್ತಕ ವರ್ಗೀಕರಣದ ಮಹಾಪಂಡಿತ ಎಸ್. ಆರ್. ರಂಗನಾಥನ್ ಬೆಂಗಳೂರಿನಲ್ಲಿ ನೆಲೆಸಿ 1962ರಲ್ಲಿ ಒಂದು ಸಂಶೋಧನ ಕೇಂದ್ರವನ್ನೇ ತೆರೆದವರು. ಓದುಗರ ಹೊತ್ತು ಹಾಳಾಗಬಾರದೆಂಬುದನ್ನು ಅವರು ತಮ್ಮ ಸೂತ್ರಗಳಲ್ಲಿ ಸೇರಿಸಿದ್ದರು. ಅದೊಂದು ಸೂತ್ರವನ್ನು ನಾನು ಭದ್ರವಾಗಿ ಹಿಡಿದಿದ್ದೆ. ಅದಕ್ಕೆ ಮೊದಲು ಪುಸ್ತಕ ಕಪಾಟಿನಲ್ಲಿರಬೇಕಷ್ಟೆ.

ಮೇಷ್ಟ್ರು ಆಮೇಲೂ ನಾಲ್ಕು ವರ್ಷ ಬಂದರು. ಓದುಗರ ಪದ ಬಂದರೆ ಈಗ ಅದನ್ನೂ ಮೊದಲು ನೋಟುಬುಕ್ಕಿನಲ್ಲಿ ಬರೆದುಕೊಂಡು, ಆಮೇಲೆ ನನಗೆ ಹೇಳುತ್ತಿದ್ದರು. “ಈಗ ಯಂತ್ರವೇ ಬರೆದಿಟ್ಟುಕೊಳ್ಳುತ್ತೆ ಸಾರ್,” ಎಂದು ನಾನು ಹೇಳಿದೆ. “ಬರೆದುಕೊಳ್ಳಲಿ, ನಾನೂ ಬರೆದುಕೊಳ್ಳುತ್ತೇನೆ,” ಎಂದರು. ಕಳೆದುಹೋದ 37ರಲ್ಲಿ ಮೂರನ್ನು ಅವುಗಳನ್ನು ಕಳಿಸಿದವರೇ, “ನಮ್ಮ ಪದ ಕಾಣಿಸುತ್ತಿಲ್ಲವಲ್ಲ,” ಎಂದು ಮತ್ತೆ ಬರೆದು ತಿಳಿಸಿದರು. ಮೇಷ್ಟ್ರು ಅವನ್ನು ನೋಟುಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದು, ಕೆಳಗೆ ಒಂದರಿಂದ ಮೂವತ್ತನಾಲ್ಕರವರೆಗೆ ಅಂಕಿ ಹಾಕಿ ಖಾಲಿ ಬಿಟ್ಟಿದ್ದಾರೆ. ಆ ನೋಟುಬುಕ್ಕು ಈಗ ನನ್ನ ಹತ್ತಿರ ಇದೆ.